ಹದಿನೆಂಟು ತಿಂಗಳ ಗುರುವಾರಗಳು

ನಮ್ಮ ಊರಿನಲ್ಲಿ ಬುಧವಾರ ಬೆಳಿಗ್ಗೆ ಎಂಟು ಗಂಟೆಯಾಯಿತೆಂದರೆ ಎಲ್ಲರ ಕಿವಿಯೂ ಚಾವಡಿಯ ಕಡೆ ಇರುತ್ತದೆ. ಅಲ್ಲಿ ಒಂದು ತಾಮ್ರದ ಹಂಡೆ ಇದೆ. ಹಂಡೆಯೊಳಗೆ ಊರಿನ ಪ್ರತಿ ಮನೆಗೂ ಒಂದೊಂದು ಮರದ ಬಿಲ್ಲೆ. ದಫೇದಾರ್ ಸಣ್ಣರಂಗಯ್ಯನವರು ಕಣ್ಣು ಮುಚ್ಚಿಕೊಂಡು ಎರಡೆರಡೇ ಬಿಲ್ಲೆ ತೆಗೆದು ಹೆಸರು ಕೂಗುತ್ತಾರೆ. ಮೊದಲು ಬಂದ ಬಿಲ್ಲೆಯ ಮನೆಯವರು ಮರುದಿನ ಗುರುವಾರ ಸಂಜೆ ಅಡುಗೆ ಮಾಡಬೇಕು, ಎರಡನೆಯ ಬಿಲ್ಲೆಯ ಮನೆಯವರು ಅಲ್ಲಿಗೆ ಹೋಗಿ ಉಣ್ಣಬೇಕು. ವಾರಕ್ಕೆ ಹನ್ನೆರಡು ಜೋಡಿ. ಬಿಲ್ಲೆ ಬಂದ ಮೇಲೆ ಆಗುವುದಿಲ್ಲ ಎನ್ನುವ ಹಾಗಿಲ್ಲ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಗೋಡೆಯ ಜಗಳಕ್ಕೆ ಕೋರ್ಟು ಹತ್ತಿದ ಎರಡು ಮನೆಯವರು ಎದುರುಬದುರು ಕೂತು ಪಾಯಸ ಕುಡಿದದ್ದನ್ನು ನಾನೇ ನೋಡಿದ್ದೇನೆ. ಪಾಯಸ ಮುಗಿಸಿ ಮಾರನೇ ದಿನ ಮತ್ತೆ ಕೋರ್ಟಿಗೆ ಹೋದರು. ಹದಿನಾರು ಜನರಿರುವ ಪಟೇಲರ ಮನೆಯ ಹೆಸರು ಎರಡನೆಯದಾಗಿ ಬಂದರೆ, ಮೊದಲು ಬಂದವರು ಅಲ್ಲಿಂದಲೇ ನೇರ ದಿನಸಿ ಅಂಗಡಿಗೆ ನಡೆಯುತ್ತಾರೆ. ಅಡುಗೆ ಮಾಡಬೇಕಾದ ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದ್ದರೆ ಬಂದವರೇ ಒಲೆ ಹಚ್ಚಿ, ಮಾಡಿ, ಬಡಿಸಿ, ತಾವೂ ಉಂಡು ಹೋಗುತ್ತಾರೆ. ಇದೊಂದೇ ರಿಯಾಯಿತಿ.

ನಮ್ಮ ಅತ್ತಿಗೆ ಸರ್ವಮಂಗಳ ಈ ಗುರುವಾರಗಳಿಗೋಸ್ಕರವೇ ಹುಟ್ಟಿದವರ ಹಾಗಿದ್ದರು. ಅವರು ರವಿಕೆ ಹೊಲಿಯುತ್ತಿದ್ದರು. ಊರಿನ ಅರ್ಧ ಹೆಂಗಸರ ಅಳತೆ ಅವರ ಬಾಯಲ್ಲೇ ಇತ್ತು, ಪೂರ್ತಿ ಊರಿನ ಸುದ್ದಿಯೂ ಅಲ್ಲೇ ಇತ್ತು. ಅಣ್ಣ ಬೇಕರಿಯಲ್ಲಿ ಬ್ರೆಡ್ ಬೇಯಿಸುವ ಕೆಲಸದವನು, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ನಾನು ಮದುವೆ ಬೇಡವೆಂದು ಅಣ್ಣನ ಮನೆಯಲ್ಲೇ ಉಳಿದವಳು, ಅಂಚೆ ಕಚೇರಿಯಲ್ಲಿ ಕಾಗದಗಳ ಮೇಲೆ ಮುದ್ರೆ ಹೊಡೆಯುತ್ತಿದ್ದೆ. ನಾವು ಮೂವರೇ. ಮನೆಯ ಸದ್ದೆಲ್ಲ ಅತ್ತಿಗೆಯದು ಮತ್ತು ಅವರ ಹೊಲಿಗೆ ಮಿಷನ್ನಿನದು.

ಕೆಮ್ಮು ಶುರುವಾಗಿದ್ದು ದೀಪಾವಳಿ ಕಳೆದ ಮೇಲೆ. ಕ್ಷಯ ಎಂದರು, ಮಾತ್ರೆ ಕೊಟ್ಟರು. ಮೂರು ತಿಂಗಳು ನುಂಗಿದರೂ ಕೆಮ್ಮು ಜಗ್ಗಲಿಲ್ಲ, ಅತ್ತಿಗೆ ಮಾತ್ರ ಕರಗುತ್ತಾ ಹೋದರು. ಕಫವನ್ನು ದೊಡ್ಡ ಆಸ್ಪತ್ರೆಗೆ ಕಳಿಸಿ, ಅಲ್ಲಿಂದ ಉತ್ತರ ಬಂದ ದಿನ ನಮ್ಮೂರ ಆಸ್ಪತ್ರೆಯ ಡಾಕ್ಟರ್ ವತ್ಸಲಾ ನಮ್ಮನ್ನು ಕೂರಿಸಿಕೊಂಡು ಹೇಳಿದರು: "ಇದು ಮಾಮೂಲಿ ಔಷಧಿಗೆ ಬಗ್ಗದ ಜಾತಿ. ಬೇರೆ ಮಾತ್ರೆ ಕೊಡ್ತೀವಿ. ವಾಸಿಯಾಗತ್ತೆ. ಆದರೆ ಹದಿನೆಂಟು ತಿಂಗಳು ತಗೋಬೇಕು."

"ಅಷ್ಟರಲ್ಲಿ ಎರಡು ಮಕ್ಕಳನ್ನ ಹೆರಬಹುದಲ್ಲ ಡಾಕ್ಟ್ರೇ," ಎಂದರು ಅತ್ತಿಗೆ.

"ಅದಕ್ಕಿಂತ ಇದು ಸುಲಭ ಅಂತ ನಾನು ಸುಳ್ಳು ಹೇಳಲ್ಲಮ್ಮ," ಎಂದರು ಡಾಕ್ಟರು.

ಮೊದಲ ಕೆಲವು ತಿಂಗಳು, ಕಫ ಶುದ್ಧವಾಗುವ ತನಕ, ಇನ್ನೊಬ್ಬರಿಗೆ ಅಂಟಬಹುದು. ಕಿಟಕಿ ತೆರೆದ ಕೋಣೆಯಲ್ಲಿ ಬೇರೆ ಮಲಗಬೇಕು, ಜನರ ಹತ್ತಿರ ಹೋದಾಗ ಮಾಸ್ಕ್ ಹಾಕಬೇಕು. ಇದನ್ನು ಕೇಳಿಸಿಕೊಂಡು ಅತ್ತಿಗೆ ನೇರ ಮನೆಗೆ ಬರಲಿಲ್ಲ. ಚಾವಡಿಗೆ ಹೋಗಿ, ಹತ್ತು ಮಾರು ದೂರದಲ್ಲಿ ನಿಂತು, ಸಣ್ಣರಂಗಯ್ಯನವರಿಗೆ ಕೇಳುವ ಹಾಗೆ ಹೇಳಿದರು: "ದಫೇದಾರ್ರೇ, ನಮ್ಮ ಮನೆ ಬಿಲ್ಲೆ ಹೊರಗೆ ತೆಗೆದುಬಿಡಿ. ನನ್ನಿಂದ ಯಾರಿಗೂ ತೊಂದರೆ ಬೇಡ."

ಸಣ್ಣರಂಗಯ್ಯನವರು ಹಂಡೆಯ ಮೇಲಿನ ಧೂಳು ಒರೆಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಮನೇಲಿ ಯಾರೂ ಉಳೀದಿದ್ರೆ ಬಿಲ್ಲೆ ತೆಗೀತೀವಿ ತಾಯಿ. ನೀವು ಮೂರು ಜನ ಇದ್ದೀರಲ್ಲ," ಎಂದರು.

ಸುಮಾರು ಎರಡು ತಿಂಗಳಿಗೆ ನಮ್ಮ ಹೆಸರು ಬಂತು. ಕಬ್ಬಿಣದ ಅಂಗಡಿಯ ನಂಜುಂಡಶೆಟ್ಟರ ಮನೆಗೆ ನಾವು ಊಟಕ್ಕೆ ಹೋಗಬೇಕಿತ್ತು. ಅತ್ತಿಗೆ ತಾವು ಹೋದರೂ ಅಂಗಳದಲ್ಲೇ ದೂರ ಕೂತು ಉಣ್ಣುವುದೆಂದು ನಿರ್ಧರಿಸಿ, ಹೊಸ ಮಾಸ್ಕ್ ತೆಗೆದಿಟ್ಟುಕೊಂಡು, ಇಸ್ತ್ರಿ ಮಾಡಿದ ಸೀರೆ ಉಟ್ಟು ಕಾಯುತ್ತಿದ್ದರು. ಹೊರಡುವ ಹೊತ್ತಿಗೆ ಶೆಟ್ಟರ ಅಂಗಡಿಯ ಆಳು ಐದು ಅಂತಸ್ತಿನ ಕ್ಯಾರಿಯರ್ ತಂದು ಜಗಲಿಯ ಮೇಲಿಟ್ಟು, "ನಿಮಗೆ ನಡೆಯೋದು ಕಷ್ಟ ಅಂತ ಅಮ್ಮೋರು ಕಳಿಸಿದ್ರು. ಕ್ಯಾರಿಯರ್ ವಾಪಸ್ ಬೇಡವಂತೆ," ಎಂದು ಹೋದ.

ಕ್ಯಾರಿಯರ್ ವಾಪಸ್ ಬೇಡ ಎಂದದ್ದು ಅತ್ತಿಗೆಗೆ ನಾಟಿತು. ಅವರು ಸೀರೆ ಬದಲಿಸಲು ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದ ಮೇಲೆ ಪ್ರತಿ ಡಬ್ಬಿಯನ್ನೂ ತೆಗೆದು ಒಂದೊಂದು ತುತ್ತು ತಿಂದರು. "ಹೇಗಿದೆ?" ಎಂದು ಕೇಳಿದೆ. ಎಲ್ಲರ ಅಡುಗೆಗೂ ಒಂದು ಕೊಂಕು ತೆಗೆಯುತ್ತಿದ್ದ ಅತ್ತಿಗೆ, "ಚೆನ್ನಾಗಿದೆ ಕಣೆ ವನಜಾ. ಕಬ್ಬಿಣದ ಅಂಗಡಿಯವರ ಮನೇದಲ್ವಾ, ಎಲ್ಲಾ ಕಬ್ಬಿಣದ ಹಾಗೇ ಇದೆ," ಎಂದು ನಕ್ಕರು. ಮಾತ್ರೆಗಳಿಂದ ಅವರ ನಾಲಿಗೆ ಕೆಟ್ಟಿತ್ತು. ಹಾಲು, ಹಣ್ಣು, ಹುಳಿ, ಏನು ಬಾಯಿಗಿಟ್ಟರೂ ತುಕ್ಕಿನ ರುಚಿ. ನಮಗೆ ಅದು ಗೊತ್ತಾಗಿದ್ದು ಆವತ್ತು.

ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅವರ ಎದುರು ಕೂತು ಮಾತ್ರೆ ನುಂಗಿಸುವುದು ನನ್ನ ಕೆಲಸ. ಬೊಗಸೆ ತುಂಬ ಮಾತ್ರೆ. ಒಂದೊಂದನ್ನೂ ಅವರು ಊರಿನವರ ಹೆಸರಿನಿಂದ ಕರೆಯುತ್ತಿದ್ದರು. ದಪ್ಪಗಿದ್ದು ಗಂಟಲಲ್ಲಿ ನಿಂತುಬಿಡುವುದು ಪಟೇಲರು. ಸಲೀಸಾಗಿ ಒಳಗೆ ಹೋಗಿ ಆಮೇಲೆ ಹೊಟ್ಟೆ ತೊಳಸುವುದು ಅವರ ಹೆಂಡತಿ. ನುಂಗಿದ ಅರ್ಧ ಗಂಟೆಗೆ ವಾಂತಿ ಬರದಿದ್ದರೆ ಅದೇ ಒಂದು ಹಬ್ಬ.

ತಿಂಗಳಿಗೊಮ್ಮೆ ಆಸ್ಪತ್ರೆಯ ನರ್ಸ್ ಫಿಲೋಮಿನಾ ಸಿಸ್ಟರು ಮೊಪೆಡ್ ಮೇಲೆ ಬರುತ್ತಿದ್ದರು. ಕರಾವಳಿ ಕಡೆಯವರು, ಗಟ್ಟಿ ಹೆಂಗಸು. ನಾಲ್ಕನೇ ತಿಂಗಳು ಬಂದಾಗ ಮೊದಲು ಒಳ್ಳೆ ಸುದ್ದಿ ಹೇಳಿದರು: ಕಫ ಎರಡು ಸಲ ಪರೀಕ್ಷೆಯಲ್ಲೂ ಶುದ್ಧ ಬಂದಿದೆ, ಇನ್ನು ಯಾರಿಗೂ ಅಂಟುವುದಿಲ್ಲ, ಮಾಸ್ಕ್ ಬೇಡ. ಆಮೇಲೆ ಚೀಲದಿಂದ ಒಂದು ಕಾಗದ ತೆಗೆದು, "ಪ್ರಶ್ನೆ ಕೇಳ್ಲಿಕ್ಕುಂಟು. ನಿಮ್ಮ ಜೀವನದ ಗುಣಮಟ್ಟ ಹೇಗಿದೆ ಹೇಳಿ ಮಂಗಳಮ್ಮ. ತುಂಬಾ ಕೆಟ್ಟದು, ಕೆಟ್ಟದು, ಅದೂ ಅಲ್ಲ ಇದೂ ಅಲ್ಲ, ಒಳ್ಳೆಯದು, ತುಂಬಾ ಒಳ್ಳೆಯದು. ಒಂದಕ್ಕೆ ಗುರುತು ಹಾಕ್ಬೇಕು," ಎಂದರು.

"ಗುಣಮಟ್ಟ ಬಟ್ಟೆಗಲ್ವಾ ಸಿಸ್ಟರ್ ನೋಡೋದು? ಒಗೆದ್ರೆ ಬಣ್ಣ ಬಿಡತ್ತಾ ಅಂತ," ಎಂದರು ಅತ್ತಿಗೆ. ಆಮೇಲೆ ತಮ್ಮ ಕೈ ಚಾಚಿ ತೋರಿಸಿದರು. ಒಂದು ಮಾತ್ರೆಯಿಂದ ಅವರ ಮೈಬಣ್ಣ ತಿಂಗಳಿಂದ ತಿಂಗಳಿಗೆ ಗಾಢವಾಗುತ್ತಿತ್ತು, ಈಗ ಡಿಕಾಕ್ಷನ್ ಬಣ್ಣಕ್ಕೆ ಬಂದಿತ್ತು. "ನೋಡಿ, ನಂದು ಬಿಡೋದಿರಲಿ, ದಿನಾ ಇನ್ನಷ್ಟು ಹಿಡೀತಾ ಇದೆ. ಒಳ್ಳೇ ಮಾಲು ಅಂತ ಬರ್ಕೊಳ್ಳಿ."

ಸಿಸ್ಟರು ನಕ್ಕರು, ನಾನೂ ನಕ್ಕೆ. ಅತ್ತಿಗೆ 'ಅದೂ ಅಲ್ಲ ಇದೂ ಅಲ್ಲ' ಎಂಬಲ್ಲಿ ಗುರುತು ಹಾಕಿದರು. ನೋವಿದೆಯೇ, ನಿದ್ದೆ ಬರುತ್ತದೆಯೇ, ಮನಸ್ಸು ಕುಗ್ಗುತ್ತದೆಯೇ ಎಂದು ಇನ್ನೂ ಪ್ರಶ್ನೆಗಳಿದ್ದವು. ಎಲ್ಲದಕ್ಕೂ ಒಂದೊಂದು ತಮಾಷೆ ಹೇಳಿ ದಾಟಿಸಿದರು. ಎಲ್ಲವನ್ನೂ ನಗೆಯಲ್ಲಿ ಸುತ್ತಿ ಇಡುತ್ತಿದ್ದಾರೆಂದು ಆವತ್ತು ನನಗೆ ಹೊಳೆಯಲಿಲ್ಲ.

ಆರನೇ ತಿಂಗಳಲ್ಲಿ ಒಂದು ಭಾನುವಾರ ನನ್ನ ರವಿಕೆಗೆ ಹುಕ್ಕು ಹಚ್ಚೋಣವೆಂದು ಅವರ ಹುಕ್ಕಿನ ಡಬ್ಬಿ ತೆರೆದೆ. ಹುಕ್ಕಿನ ಕೆಳಗೆ ಮಾತ್ರೆಗಳಿದ್ದವು. ಒಂದೇ ಬಣ್ಣದವು ಹನ್ನೊಂದು. ನಾನು ನೀರಿನ ಲೋಟ ಒಳಗಿಡಲು ತಿರುಗುವಷ್ಟರಲ್ಲಿ ನಾಲಿಗೆಯ ಅಡಿಯಿಂದ ತೆಗೆದು ಇಡುತ್ತಿದ್ದರಂತೆ. ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಡಬ್ಬಿಯನ್ನು ಅವರ ಮುಂದಿಟ್ಟೆ.

ಅತ್ತಿಗೆ ಈ ಸಲ ತಮಾಷೆ ಮಾಡಲಿಲ್ಲ. "ಅದೇ ಮಾತ್ರೆ ಕಣೆ ನನ್ನ ಕಾಲು ತಿಂತಿರೋದು. ಒಂದು ತಿಂಗಳಿಂದ ಪಾದ ಉರಿ. ಈಗ ಉರಿನೂ ಇಲ್ಲ, ಏನೂ ಇಲ್ಲ. ಮಿಷನ್ ತುಳಿದ್ರೆ ತುಳೀತಿದೀನೋ ಇಲ್ವೋ ಗೊತ್ತಾಗಲ್ಲ. ನಾನು ಮಾಡಿದ ಸಾರು ನನಗೇ ತುಕ್ಕು. ಕನ್ನಡೀಲಿ ನೋಡಿದ್ರೆ ಯಾರೋ ಬೇರೆಯವಳು. ಯಾರೂ ಮನೆಗೆ ಬರಲ್ಲ. ಬದುಕಿಸ್ತೀವಿ ಅಂತಾರೆ ಎಲ್ಲಾ, ಇದು ಬದುಕಾ ವನಜಾ? ಹದಿನೆಂಟು ತಿಂಗಳು ಬಸ್‌ಸ್ಟ್ಯಾಂಡಲ್ಲಿ ಕೂತ ಹಾಗೆ."

ಬಾಗಿಲಲ್ಲಿ ಅಣ್ಣ ನಿಂತಿದ್ದ, ಬೇಕರಿಯಿಂದ ಆಗಷ್ಟೇ ಬಂದವನು, ಕೂದಲಲ್ಲಿ ಮೈದಾಹಿಟ್ಟು. ಅವನು ಬಂದು ಅತ್ತಿಗೆಯ ಕಾಲ ಬಳಿ ನೆಲದ ಮೇಲೆ ಕೂತು, "ನೀನು ಹೋದ್ರೆ ನನಗೆ ಮಾತಿಗೆ ಯಾರೂ ಇರಲ್ಲ," ಎಂದ.

"ನೀವೆಲ್ಲಿ ಮಾತಾಡ್ತೀರಿ?" ಎಂದರು ಅತ್ತಿಗೆ.

"ನೀನು ಆಡ್ತೀಯಲ್ಲ," ಎಂದ ಅಣ್ಣ.

ಮಾರನೇ ದಿನ ಮೂವರೂ ಆಸ್ಪತ್ರೆಗೆ ಹೋದೆವು. ಬೈಗುಳಕ್ಕೆ ತಯಾರಾಗಿ ಹೋಗಿದ್ದೆವು, ಡಾಕ್ಟರು ಬೈಯಲಿಲ್ಲ. ಬಗ್ಗಿ ಅತ್ತಿಗೆಯ ಪಾದಕ್ಕೆ ಸೂಜಿಮೊನೆ ತಾಗಿಸಿ ನೋಡಿದರು, ಬಹಳ ಹೊತ್ತು ನೋಡಿದರು. "ಇದನ್ನ ಉರಿ ಶುರುವಾದ ದಿನಾನೇ ನನಗೆ ಹೇಳಬೇಕಿತ್ತು. ಈ ಮಾತ್ರೆ ನಿಲ್ಲಿಸೋಣ, ಬದಲಿಗೆ ಬೇರೆ ಇದೆ. ಕಾಲು ಪೂರ್ತಿ ಮೊದಲಿನ ಹಾಗೆ ಆಗತ್ತೆ ಅಂತ ಮಾತು ಕೊಡಲ್ಲ, ಆದರೆ ಇನ್ನು ಹೆಚ್ಚಾಗಲ್ಲ," ಎಂದರು. ಆಮೇಲೆ ಕೇಳಿದರು: "ಈ ವಾರ ನಿಮಗೆ ಖುಷಿಯಾಗೋ ಕೆಲಸ ಏನು ಮಾಡಿದ್ರಿ?" ಅತ್ತಿಗೆ ಯೋಚಿಸಿದರು. ಏನೂ ಇರಲಿಲ್ಲ. "ಮುಂದಿನ ಸಲ ಬರುವಾಗ ಒಂದಾದರೂ ಇರಬೇಕು. ಅದೂ ಔಷಧಿನೇ," ಎಂದು ಚೀಟಿಯಲ್ಲಿ ನಿಜವಾಗಿಯೂ ಬರೆದುಕೊಟ್ಟರು.

ಅದಾದ ಹತ್ತು ದಿನಕ್ಕೆ ಚಾವಡಿಯಲ್ಲಿ ನಮ್ಮ ಹೆಸರು ಮೊದಲನೆಯದಾಗಿ ಬಂತು. ಎರಡನೆಯದು ತಿಪ್ಪೇಶ ಮೇಷ್ಟ್ರ ಮನೆ. ಆ ಮನೆಯಲ್ಲಿ ಇದ್ದವರು ಮೇಷ್ಟ್ರು ಮತ್ತು ಅವರ ತಾಯಿ ಈರಜ್ಜಿ. ನಾನು ಅಂಚೆ ಕಚೇರಿಯಿಂದ ಬರುವಾಗ ದಾರಿಯಲ್ಲಿ ಮೇಷ್ಟ್ರು ಸಿಕ್ಕಿ, ಚಪ್ಪಲಿ ನೋಡುತ್ತಾ, "ಅಮ್ಮನಿಗೆ ವಯಸ್ಸಾಗಿದೆ, ನೋಡ್ಬೇಕು," ಎಂದರು. ನೋಡ್ಬೇಕು ಎಂದರೆ ಬರುವುದಿಲ್ಲ ಎಂದು ನಾನು ತಿಳಿದುಕೊಂಡೆ. ಅತ್ತಿಗೆಗೆ ಹೇಳಲಿಲ್ಲ.

ಗುರುವಾರ ಮಧ್ಯಾಹ್ನ ಮೂರಕ್ಕೆ, ಅತ್ತಿಗೆ ಬಸ್ಸಾರಿಗೆ ಹುರುಳಿಕಾಳು ಬೇಯಲು ಇಡುವ ಹೊತ್ತಿಗೆ, ಈರಜ್ಜಿ ಒಬ್ಬಳೇ ಕೋಲು ಊರಿಕೊಂಡು ಬಂದಳು. ಎಂಬತ್ತು ದಾಟಿದ ಮುದುಕಿ, ಎರಡು ಕಣ್ಣಿಗೂ ಪೊರೆ. ನೇರ ಅಡುಗೆಮನೆಗೆ ಬಂದು, "ಎಲ್ಲಮ್ಮಾ ಒಲೆ? ಕಾಯಿಲೆ ಮನೆ ಅಂದ್ರೆ ಬಂದವರು ಮಾಡ್ಬೇಕು," ಎಂದಳು.

"ನನಗೇನೂ ಅಷ್ಟೊಂದು ಕಾಯಿಲೆಯಿಲ್ಲ ಅಜ್ಜಿ. ನಮ್ಮ ಮನೆ ಅಡುಗೆ ನಾನೇ ಮಾಡ್ತೀನಿ," ಎಂದರು ಅತ್ತಿಗೆ.

"ನಿನ್ನ ಮುಖ ಕಾಗೆ ಥರ ಆಗಿದೆ ಅಂತ ಊರೇ ಹೇಳ್ತದೆ. ನನಗೆ ಕಾಣಲ್ಲ, ಆದ್ರಿಂದ ನನಗೆ ನೀನು ಮೊದಲಿನ ಥರಾನೇ ಇದೀಯ. ಜರುಗು."

ನಾನು ಈರುಳ್ಳಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟೆ. ಅತ್ತಿಗೆ ಎರಡೂ ಕೈ ಸೊಂಟಕ್ಕೆ ಕೊಟ್ಟು ನಿಂತರು. ಮುದುಕಿಯೂ ನಿಂತಳು. ಕೊನೆಗೆ ಯಾರು ಗೆದ್ದರೋ ನನಗೆ ತಿಳಿಯಲಿಲ್ಲ, ಏಕೆಂದರೆ ಇಬ್ಬರೂ ಒಟ್ಟಿಗೆ ಒಲೆಯ ಮುಂದೆ ಕೂತರು. ಒಬ್ಬರಿಗೆ ಕಣ್ಣು ಕಾಣದು, ಒಬ್ಬರಿಗೆ ರುಚಿ ತಿಳಿಯದು. ಸೊಪ್ಪು ಎಷ್ಟು ಬೆಂದಿದೆಯೆಂದು ಅತ್ತಿಗೆ ನೋಡಿ ಹೇಳುವುದು, ಹುಳಿ ಎಷ್ಟು ಬೇಕೆಂದು ಅಜ್ಜಿ ಚಪ್ಪರಿಸಿ ಹೇಳುವುದು. ಖಾರ ರುಬ್ಬಲು ಮಾತ್ರ ಇಬ್ಬರೂ ನನ್ನನ್ನೇ ಕೂಗಿದರು. ನಡುವೆ ಅಜ್ಜಿ, "ನಮ್ಮ ಮೇಷ್ಟ್ರು ಬರಲ್ಲ ಅಂದ. ನಾನು ಹೋಗ್ತೀನಿ, ದಾರೀಲಿ ಬಿದ್ದು ಸತ್ರೆ ನಿನ್ನ ಮೇಲೆ ಬರತ್ತೆ ಅಂದೆ. ಹಿಂದೇನೇ ಬರ್ತಾನೆ ನೋಡ್ತಿರು," ಎಂದಳು.

ಸಂಜೆ ಏಳಕ್ಕೆ ಮೇಷ್ಟ್ರು ಬಂದರು. ಅವರ ಹಿಂದೆಯೇ ಫಿಲೋಮಿನಾ ಸಿಸ್ಟರೂ ಮೊಪೆಡ್ ನಿಲ್ಲಿಸಿ ಒಳಗೆ ಬಂದು, ಕರೆಯದೇ ಒಂದು ಎಲೆಯ ಮುಂದೆ ಕೂತು, ಗೋಡೆಗೆ ಹೇಳುವವರ ಹಾಗೆ, "ಕಫ ಶುದ್ಧವಾಗಿ ತಿಂಗಳುಗಟ್ಟಲೆ ಆಯ್ತು. ಇನ್ನೂ ಹೆದರುವವರಿಗೆ ಎಂತ ಮದ್ದು ಕೊಡುವುದೋ," ಎಂದರು. ಮೇಷ್ಟ್ರು ತಕ್ಷಣ ಕೂತರು.

ಮುದ್ದೆ ಬಡಿಸಿ ಬಸ್ಸಾರು ಹಾಕಿದೆ. ಮೇಷ್ಟ್ರು ಮೊದಲ ತುತ್ತು ನುಂಗಿ, ಎರಡನೆಯದನ್ನು ಎಲೆಯಲ್ಲೇ ಬಿಟ್ಟರು. ಅಣ್ಣ ನುಂಗಿ ನೀರಿನ ಲೋಟ ಹುಡುಕಿದ. ಸಿಸ್ಟರ ಕಣ್ಣಲ್ಲಿ ನೀರು ಬಂತು. ಅಜ್ಜಿ ಹುಳಿ ಚಪ್ಪರಿಸಿ ಆದ ಮೇಲೆ ಸಾರಿಗೆ ಮೂರು ಸಲ ಉಪ್ಪು ಬಿದ್ದಿತ್ತು. ಉಪ್ಪು ಹಾಕಿದ್ದೇನೆಂದು ಅತ್ತಿಗೆ ಹೇಳಿದ್ದು ಅಜ್ಜಿಗೆ ಕೇಳಿಸಿರಲಿಲ್ಲ, ಅಜ್ಜಿ ಹಾಕಿದ್ದನ್ನು ಅತ್ತಿಗೆ ನೋಡಿರಲಿಲ್ಲ, ಖಾರದಲ್ಲೇ ರುಬ್ಬಿಬಿಡೋಣವೆಂದು ನಾನೂ ಹಾಕಿದ್ದೆ. ಎಲ್ಲರೂ ಚೆನ್ನಾಗಿದೆ, ಚೆನ್ನಾಗಿದೆ ಎನ್ನುತ್ತಾ ಮಜ್ಜಿಗೆಯನ್ನೇ ಬಡಿಸಿಕೊಂಡರು. ಅತ್ತಿಗೆ ಒಬ್ಬೊಬ್ಬರ ಮುಖವನ್ನೂ ನೋಡಿದರು. ಅವರಿಗೆ ಅರ್ಥವಾಗಿಹೋಯಿತು. ನಗು ಹೊಟ್ಟೆಯಿಂದ ಬಂತು, ಗೋಡೆಗೆ ಒರಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಿಲ್ಲದ ನಗು. ನಗುವಿನ ಕೊನೆಗೆ ಮೊದಲೆಲ್ಲ ಕೆಮ್ಮು ಬರುತ್ತಿತ್ತು. ಆವತ್ತು ಬರಲಿಲ್ಲ. ಅದನ್ನು ಗಮನಿಸಿದ್ದು ನಾನು ಮತ್ತು ಅಣ್ಣ. ಅವನು ನನ್ನ ಕಡೆ ನೋಡಿ ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಮೇಷ್ಟ್ರ ಮನೆಯವರು ಹೋಗಿ ಉಂಡು ಬಂದರು, ಏನೂ ಆಗಲಿಲ್ಲ ಎಂಬ ಸುದ್ದಿ ಶನಿವಾರದ ಹೊತ್ತಿಗೆ ಊರು ಸುತ್ತಿತು. ಈರಜ್ಜಿಗೆ ನಮ್ಮ ಜಗಲಿ ಅಭ್ಯಾಸವಾಯಿತು. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಬಂದು, ಅತ್ತಿಗೆ ಬಾಯಿ ತೆರೆದು ತೋರಿಸುವ ತನಕ ಬಿಡುತ್ತಿರಲಿಲ್ಲ. ಕಾಣುವುದಿಲ್ಲವೆಂದು ಬೆರಳಿನಿಂದ ತಡವಿ ನೋಡಿದ್ದೂ ಉಂಟು. ಅಣ್ಣ ಮಿಷನ್ನಿಗೆ ಮೋಟಾರು ಹಾಕಿಸಿದ. ಮೋಟಾರಿನ ಪೆಡಲನ್ನು ಅತ್ತಿಗೆ ಮೇಜಿನ ಮೇಲಿಟ್ಟುಕೊಂಡು ಮೊಣಕೈಯಲ್ಲಿ ಒತ್ತುವುದನ್ನು ಕಲಿತರು. ಮೊದಲ ದಿನ ಮಿಷನ್ನು ಹಿಡಿತಕ್ಕೆ ಸಿಗದೆ ಒಂದು ರವಿಕೆಯ ತೋಳನ್ನು ಇನ್ನೊಂದು ತೋಳಿಗೆ ಸೇರಿಸಿ ಹೊಲಿದುಬಿಟ್ಟಿತು. ಎರಡನೇ ವಾರಕ್ಕೆ ಹೆಂಗಸರು ಬಟ್ಟೆ ತರಲು ಶುರುಮಾಡಿದರು. ಡಾಕ್ಟರು ಖುಷಿಯ ಕೆಲಸ ಕೇಳಿದಾಗಲೆಲ್ಲ ಅತ್ತಿಗೆಯ ಹತ್ತಿರ ಈಗ ಉತ್ತರ ಇರುತ್ತಿತ್ತು, ಕೆಲವು ಸಲ ಡಾಕ್ಟರಿಗೆ ಹೊತ್ತಾಗುವಷ್ಟು ಉದ್ದ.

ಎಲ್ಲ ದಿನವೂ ಹಾಗಿರಲಿಲ್ಲ. ಕೆಲವು ದಿನ ಗೋಡೆಯ ಕಡೆ ತಿರುಗಿ ಮಲಗಿದರೆ ಅಜ್ಜಿ ಕರೆದರೂ ಏಳುತ್ತಿರಲಿಲ್ಲ. ಆದರೂ ಮತ್ತೆ ಯಾವ ಡಬ್ಬಿಯಲ್ಲೂ ಮಾತ್ರೆ ಸಿಗಲಿಲ್ಲ. ಬಿಲ್ಲೆ ಬಂದಾಗಲೆಲ್ಲ ಹೋದೆವು. ಜನ ಈಗ ಒಳಗೆ ಕರೆದು ಕೂರಿಸುತ್ತಿದ್ದರು, ತುಸು ಹೆಚ್ಚೇ ಉಪಚಾರ ಮಾಡುತ್ತಿದ್ದರು, ಮೆತ್ತಗೆ ಮಾತಾಡುತ್ತಿದ್ದರು. ಅತ್ತಿಗೆ ಏನು ಹಾಕಿದರೂ ಚೆನ್ನಾಗಿದೆ ಎಂದು ಉಂಡು ಬರುತ್ತಿದ್ದರು.

ಹದಿನೆಂಟು ತಿಂಗಳೂ ಮುಗಿಯಿತು. ಕೊನೆಯ ಮಾತ್ರೆ ನುಂಗಿದ ದಿನ ನಾವು ಏನೂ ಮಾಡಲಿಲ್ಲ, ಅತ್ತಿಗೆಯೇ ಬೇಡವೆಂದರು. ಬಣ್ಣ ತಿಳಿಯಾಗಲು ಇನ್ನೂ ಸಮಯ ಬೇಕೆಂದು ಡಾಕ್ಟರು ಹೇಳಿದ್ದರು. ಪಾದಗಳಿಗೆ ಅರ್ಧ ಜೀವ ಬಂದಿತ್ತು, ಚಪ್ಪಲಿ ಕಳಚಿಹೋದರೆ ತಿಳಿಯುವಷ್ಟು.

ಅದಾಗಿ ಮೂರು ವಾರಕ್ಕೆ ಬಾಳೆಮಂಡಿಯ ಗಂಗಾಧರಯ್ಯನವರ ಮನೆಯಲ್ಲಿ ನಮ್ಮ ಊಟ ಬಿತ್ತು. ಅವರ ಹೆಂಡತಿ ಹೊಂಬಾಳಮ್ಮ ಅತ್ತಿಗೆಯನ್ನು ಕೈಹಿಡಿದು ಕರೆದೊಯ್ದು, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರು. ಬಾಳೆದಿಂಡಿನ ಪಲ್ಯ, ಬಾಳೆಕಾಯಿ ಹುಳಿ, ಬಾಳೆಹಣ್ಣಿನ ರಸಾಯನ. ಅತ್ತಿಗೆ ಹುಳಿ ಅನ್ನ ಕಲೆಸಿ ಒಂದು ತುತ್ತು ಬಾಯಿಗಿಟ್ಟರು. ಅಗಿಯುತ್ತಿದ್ದವರು ನಿಲ್ಲಿಸಿದರು. ಇನ್ನೊಂದು ತುತ್ತು ತಿಂದರು. ಆಮೇಲೆ ನನ್ನ ಕಡೆ ಬಾಗಿ, ಗುಟ್ಟು ಹೇಳುವವರ ಹಾಗೆ, "ವನಜಾ, ಬೇಳೆ ಸೀದಿದೆ ಕಣೆ," ಎಂದರು. ಆದರೆ ಅವರ ಗುಟ್ಟು ಎಂದೂ ಗುಟ್ಟಾಗಿ ಉಳಿದದ್ದಲ್ಲ. ಸಾಲಿನ ಕೊನೆಯಲ್ಲಿ ಕೂತ ಅಣ್ಣನಿಗೂ ಕೇಳಿಸಿತು.

ಹೊಂಬಾಳಮ್ಮನ ಸೌಟು ಗಾಳಿಯಲ್ಲೇ ನಿಂತಿತು. "ಒಂದೂವರೆ ವರ್ಷ ಊರಲ್ಲಿ ಎಲ್ಲರ ಮನೇಲೂ ಸುಮ್ನೆ ಉಂಡು ಬಂದ್ಯಲ್ಲ ಸರ್ವಮಂಗಳ. ನಮ್ಮನೇದೇ ಸೀದಿದ್ದು ಗೊತ್ತಾಯ್ತಾ?"

"ಗೊತ್ತಾಯ್ತು ಹೊಂಬಾಳಮ್ಮ. ಗೊತ್ತಾಗ್ತಾ ಇದೆ. ತಳದಲ್ಲಿ ಸೀದಿದೆ, ಬೆಲ್ಲ ಹಾಕಿ ಮುಚ್ಚಿದ್ದೀರಿ. ಅದೂ ಗೊತ್ತಾಗ್ತಾ ಇದೆ," ಎಂದರು ಅತ್ತಿಗೆ. ಅವರ ಕಣ್ಣು ತುಂಬಿತ್ತು. ಅದನ್ನು ನೋಡಿಯೂ ಹೊಂಬಾಳಮ್ಮನ ಸಿಟ್ಟು ಇಳಿಯಲಿಲ್ಲ. ದಿಂಬನ್ನು ಎತ್ತಿಕೊಂಡು ಒಳಗೆ ಹೋದವರು ರಸಾಯನ ಬಡಿಸಲು ಗಂಡನನ್ನೇ ಕಳಿಸಿದರು. ಅತ್ತಿಗೆ ಸೀದ ಹುಳಿಯನ್ನು ಎರಡು ಸಲ ಹಾಕಿಸಿಕೊಂಡು, ಎಲೆ ಬಳಿದು ಉಂಡರು.

ವಾಪಸ್ ಬರುವಾಗ ನನಗೆ ಸಂಕೋಚ. "ಅವರು ಇನ್ನು ಒಂದು ತಿಂಗಳು ನಮ್ಮ ಹತ್ತಿರ ಮಾತಾಡಲ್ಲ, ನೋಡಿ ಬೇಕಾದ್ರೆ. ನಿಮ್ಮ ಬಾಯಿ ಒಂದು," ಎಂದೆ.

ಅತ್ತಿಗೆ ಅಣ್ಣನ ತೋಳು ಹಿಡಿದು ಕಾಲು ನೋಡಿಕೊಂಡು ನಡೆಯುತ್ತಿದ್ದರು. "ಮಾತಾಡದೇ ಇರಲಿ ಬಿಡೆ. ಇಷ್ಟು ದಿನ ನನ್ನ ಹತ್ತಿರ ಯಾರಾದ್ರೂ ಜಗಳ ಆಡಿದ್ರಾ? ಹಾಸಿಗೆ ಹಿಡಿದವರ ಮೇಲೆ ಯಾರೂ ಮುನಿಸಿಕೊಳ್ಳಲ್ಲ. ಡಾಕ್ಟರು ವಾಸಿಯಾಯ್ತು ಅಂತ ಬರೆದುಕೊಟ್ಟಾಗ ನನಗೆ ನಂಬಿಕೆ ಬಂದಿರಲಿಲ್ಲ. ಈಗ ಹೊಂಬಾಳಮ್ಮ ದಿಂಬು ಕಿತ್ಕೊಂಡಾಗ ಬಂತು," ಎಂದರು.